ರಾತ್ರಿ ಹೊಲಕ್ಕೆ ಯಾವ ಟಾರ್ಚು? ಹಳೆಯ ಹೊಂದಾಣಿಕೆಯ ಎಲ್‌ಇಡಿ ಕಲಿಸುವ ಪಾಠ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ರೈತರಿಗೆ ರಾತ್ರಿ ಹೊಲಕ್ಕೆ ಹೋಗುವುದು ಹೊಸ ಮಾತಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಪಾಳಿಯಂತೆ ಬರುತ್ತದೆ. ಕಾಲುವೆಯ ನೀರಿಗೂ ಪಾಳಿ ಇರುತ್ತದೆ. ರಾತ್ರಿ ಪಾಳಿ ಬಂದಾಗ ಲಚ್ಯಾಣದ ಲಿಂಬೆ ತೋಟವಿರಲಿ, ಭೀಮಾ ತೀರದ ಕಬ್ಬಿನ ಹೊಲವಿರಲಿ, ರೈತನು ಎದ್ದು ಹೋಗಲೇಬೇಕು. ಆಗ ಅವನ ಕೈಯಲ್ಲಿರುವ ಮುಖ್ಯ ಸಾಧನ ಟಾರ್ಚು. ನಮ್ಮ ಭಾಗದಲ್ಲಿ ಇದನ್ನು 'ಬ್ಯಾಟರಿ' ಎಂದೇ ಕರೆಯುವುದು ರೂಢಿ.

ಬಿತ್ತನೆ ಬೀಜ, ಗೊಬ್ಬರ, ಔಷಧಿಗಳನ್ನು ಕೊಳ್ಳುವಾಗ ನಾಲ್ಕು ಜನರನ್ನು ವಿಚಾರಿಸುವ ರೈತನು ಟಾರ್ಚು ಕೊಳ್ಳುವಾಗ ಮಾತ್ರ 'ಯಾವುದು ಹೆಚ್ಚು ದೂರ ಬೀಳುತ್ತದೆ?' ಎಂದು ಒಂದೇ ಪ್ರಶ್ನೆ ಕೇಳುತ್ತಾನೆ. ಈ ಒಂದೇ ಪ್ರಶ್ನೆ ಸಾಲದು. ಬೇಕಾದಷ್ಟೇ ಬೆಳಕು, ಬೇಕಾದಾಗ, ನಂಬಿಕೆಯಿಂದ ಸಿಗುವುದು ಹೆಚ್ಚು ಮುಖ್ಯ. ಸುಮಾರು ಎರಡು ದಶಕಗಳ ಹಿಂದೆ ಬಂದ ಒಂದು ಬಗೆಯ ಎಲ್‌ಇಡಿ ಟಾರ್ಚು ಇಂದಿಗೂ ಬಳಕೆದಾರರ ಮೆಚ್ಚುಗೆ ಉಳಿಸಿಕೊಂಡಿರುವುದಕ್ಕೆ ಕಾರಣ ಇದೇ. ಅದರ ಗುಣಗಳನ್ನು ತಿಳಿದುಕೊಂಡರೆ ನಮ್ಮ ಪೇಟೆಯಲ್ಲಿ ಸಿಗುವ ಟಾರ್ಚನ್ನು ಆರಿಸಲು ಮತ್ತು ಮನೆಯಲ್ಲಿರುವುದನ್ನು ಸರಿಯಾಗಿ ಬಳಸಲು ಅನುಕೂಲವಾಗುತ್ತದೆ.

ಬಲ್ಬಿನಿಂದ ಎಲ್‌ಇಡಿಗೆ

ಹಿಂದಿನ ಟಾರ್ಚಿನಲ್ಲಿ ತಂತಿಯ ಬಲ್ಬು ಇರುತ್ತಿತ್ತು. ಸೆಲ್ಲಿನ ಶಕ್ತಿಯ ಬಹುಪಾಲು ಶಾಖವಾಗಿ ಹೋಗಿ ಸ್ವಲ್ಪ ಭಾಗ ಮಾತ್ರ ಬೆಳಕಾಗುತ್ತಿತ್ತು. ಸೆಲ್ಲು ಇಳಿದಂತೆ ಬೆಳಕು ಹಳದಿಯಾಗಿ, ಕೆಂಪಾಗಿ ಕೊನೆಗೆ ಆರುತ್ತಿತ್ತು. ಕೈಜಾರಿ ಬಿದ್ದರೆ ತಂತಿ ಹರಿಯುತ್ತಿತ್ತು.

ಎಲ್‌ಇಡಿ ಎಂದರೆ ಬೆಳಕು ಕೊಡುವ ಡಯೋಡು. ಅದರಲ್ಲಿ ಕಾಯುವ ತಂತಿ ಇಲ್ಲ. ಕೆಂಪು ಮತ್ತು ಹಸಿರು ಎಲ್‌ಇಡಿಗಳು ಮೊದಲೇ ಇದ್ದರೂ, ಪ್ರಖರವಾದ ನೀಲಿ ಎಲ್‌ಇಡಿ ದೊರೆತದ್ದು 1990ರ ದಶಕದ ಆರಂಭದಲ್ಲಿ. ನೀಲಿ ಬೆಳಕಿನ ಮೇಲೆ ಹಳದಿ ಹೊಳಪಿನ ಲೇಪ ಕೊಟ್ಟಾಗ ಬಿಳಿ ಬೆಳಕು ಸಾಧ್ಯವಾಯಿತು. ನೀಲಿ ಎಲ್‌ಇಡಿಯನ್ನು ಸಾಧಿಸಿದ ಜಪಾನಿನ ಮೂಲದ ಮೂವರು ವಿಜ್ಞಾನಿಗಳಾದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಹೊಂದಾಣಿಕೆಯ ಟಾರ್ಚು ಎಂದರೇನು?

ಬಿಳಿ ಎಲ್‌ಇಡಿ ಬಂದ ಮೇಲೆ, 2000ರ ದಶಕದಲ್ಲಿ, ಅಮೆರಿಕದ ಅರಿಜೋನಾ ರಾಜ್ಯದ ಎಚ್‌ಡಿಎಸ್ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿ ದಿನಬಳಕೆಗೆಂದು ಒಂದು ಟಾರ್ಚು ತಯಾರಿಸಿತು. ಅದೇ ಪರಂಪರೆಯಲ್ಲಿ ಆ ದಶಕದ ಉತ್ತರಾರ್ಧದಲ್ಲಿ ನೊವಾಟ್ಯಾಕ್ 120ಪಿ ಎಂಬುದು ಬಂದಿತು. ಅಂಗೈಯಲ್ಲಿ ಅಡಗುವ ಅಲ್ಯೂಮಿನಿಯಂ ದೇಹ, 3 ವೋಲ್ಟಿನ ಒಂದೇ ಲಿಥಿಯಂ ಸೆಲ್ಲು, ಒಂದೇ ಗುಂಡಿ. ಗರಿಷ್ಠ ಬೆಳಕು 120 ಲ್ಯೂಮೆನ್. ಇಂದು ಸಾವಿರಾರು ಲ್ಯೂಮೆನ್ ಕೊಡುವ ಟಾರ್ಚುಗಳಿವೆ. ಅವುಗಳ ಮುಂದೆ ಇದು ಏನೂ ಅಲ್ಲ. ಆದರೂ ಇಂಥ ಹಳೆಯ ಟಾರ್ಚನ್ನು ಕೈಬಿಡದೆ ದಿನವೂ ಬಳಸುವವರು ಇದ್ದಾರೆ.

ಇದರ ವಿಶೇಷವೆಂದರೆ ಒಳಗಿರುವ ಚಿಕ್ಕ ನಿಯಂತ್ರಕ ಚಿಪ್ಪು. ಒಮ್ಮೆ ಒತ್ತಿದರೆ ಎಷ್ಟು ಬೆಳಕು ಬರಬೇಕು, ಎರಡು ಸಲ ಒತ್ತಿದರೆ ಎಷ್ಟು ಎಂಬುದನ್ನು ಬಳಸುವವನೇ ಗೊತ್ತುಮಾಡಬಹುದು. 1 ಲ್ಯೂಮೆನ್‌ಗಿಂತ ಕಡಿಮೆಯ ಮಂದ ಬೆಳಕಿನಿಂದ ಗರಿಷ್ಠದವರೆಗೆ ತನಗೆ ಬೇಕಾದ ಮಟ್ಟವನ್ನು ಆರಿಸಿ ಚಿಪ್ಪಿನಲ್ಲಿ ಕೂಡಿಸಿಡಬಹುದು. ಸೆಲ್ಲು ಬದಲಿಸಿದರೂ ಆ ಹೊಂದಾಣಿಕೆ ಅಳಿಯುವುದಿಲ್ಲ. ಕೂರಿಗೆಯ ತಾಳುಗಳ ಅಂತರವನ್ನು ಬೆಳೆಗೆ ತಕ್ಕಂತೆ ಒಮ್ಮೆ ಕೂಡಿಸಿಕೊಂಡು ಇಡೀ ಹಂಗಾಮು ಬಿತ್ತುವ ಹಾಗೆ ಇದೂ ಒಮ್ಮೆ ಹೊಂದಿಸಿ ಬಹುಕಾಲ ಬಳಸುವ ಸಾಧನ.

ಮೊದಲ ಒತ್ತಿಗೆ ಮಂದ ಬೆಳಕು ಏಕೆ?

ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಪ್ರಖರ ಬೆಳಕು ಬಿದ್ದರೆ ಆ ಹೊಂದಾಣಿಕೆ ಕ್ಷಣದಲ್ಲಿ ಕೆಡುತ್ತದೆ. ಟಾರ್ಚು ಆರಿಸಿದ ಮೇಲೆ ಬದುವೂ ಕಾಣುವುದಿಲ್ಲ, ಬಾವಿಯ ದಡವೂ ಕಾಣುವುದಿಲ್ಲ. ಹತ್ತಿರದ ವಸ್ತುವಿನ ಮೇಲೆ ಪ್ರಖರ ಬೆಳಕು ಬಿಟ್ಟರೆ ಆ ಒಂದು ವೃತ್ತ ಹೊಳೆದು ಪಕ್ಕದ ನೆಲವೆಲ್ಲ ಕಪ್ಪಾಗುತ್ತದೆ. ದನಗಳು ಬೆದರುತ್ತವೆ. ಎದುರಿಗೆ ಬರುವವರಿಗೆ ಕಣ್ಣು ಕತ್ತಲೆಗಟ್ಟುತ್ತದೆ. ಆದ್ದರಿಂದ ಮೊದಲ ಒತ್ತಿಗೆ ಮಂದ ಬೆಳಕು, ಬೇಕೆಂದಾಗ ಹೆಚ್ಚು ಬೆಳಕು ಎಂಬ ಕ್ರಮವೇ ಸರಿಯಾದದ್ದು. ಇಂದಿನ ಅನೇಕ ಟಾರ್ಚುಗಳು ಮೊದಲು ಗರಿಷ್ಠ ಬೆಳಕನ್ನೇ ಕೊಟ್ಟು, ನಂತರ ಕಡಿಮೆ, ಕೊನೆಗೆ ಮಿಣುಕು ಬೆಳಕಿಗೆ ಬರುತ್ತವೆ. ಇದು ಹೊಲದ ಕೆಲಸಕ್ಕೆ ತಕ್ಕ ಕ್ರಮವಲ್ಲ.

ಕಣ್ಣಿನ ಇನ್ನೊಂದು ಗುಣವನ್ನೂ ತಿಳಿದಿರಬೇಕು. ಬೆಳಕು ನಾಲ್ಕು ಪಟ್ಟು ಹೆಚ್ಚಿದರೂ ಕಣ್ಣಿಗೆ ಅಷ್ಟು ಪಟ್ಟು ಹೆಚ್ಚಿದಂತೆ ಕಾಣುವುದಿಲ್ಲ. ಹೆಚ್ಚುಕಡಿಮೆ ಎರಡು ಪಟ್ಟಿನ ಹತ್ತಿರ ಕಾಣುತ್ತದೆ. ಸೆಲ್ಲಿನ ಖರ್ಚು ಮಾತ್ರ ನಾಲ್ಕು ಪಟ್ಟಿಗಿಂತ ಕಡಿಮೆಯಾಗುವುದಿಲ್ಲ.

ಸೆಲ್ಲಿನ ಲೆಕ್ಕ

ಸೆಲ್ಲನ್ನು ಕೃಷಿ ಹೊಂಡ ಎಂದು ತಿಳಿಯಿರಿ. ಹೊಂಡದ ನೀರು ಇಷ್ಟೇ. ಸಣ್ಣ ಪಂಪು ಹಚ್ಚಿದರೆ ಬಹಳ ತಾಸು, ದೊಡ್ಡ ಪಂಪು ಹಚ್ಚಿದರೆ ಸ್ವಲ್ಪ ತಾಸು ನಡೆಯುತ್ತದೆ. ಇಂದು ಸಾಮಾನ್ಯವಾಗಿರುವ 18650 ಎಂಬ ರೀಚಾರ್ಜ್ ಸೆಲ್ಲು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ ಇರುತ್ತದೆ. 2500 ಎಂಎಎಚ್‌ನ ಒಳ್ಳೆಯ ಸೆಲ್ಲಿನಲ್ಲಿ ಸುಮಾರು 9 ವ್ಯಾಟ್-ತಾಸು ಶಕ್ತಿ ಇರುತ್ತದೆ. ಒಂದು ವ್ಯಾಟಿಗೆ 80 ಲ್ಯೂಮೆನ್ ಎಂದು ಹಿಡಿದರೆ ಅಂದಾಜು ಹೀಗಾಗುತ್ತದೆ:

3 ಲ್ಯೂಮೆನ್ (ಗುಡಿಸಲೊಳಗೆ, ಮಲಗಿದವರ ನಡುವೆ): 240 ತಾಸು
30 ಲ್ಯೂಮೆನ್ (ಬದುವಿನ ಮೇಲೆ, ಕಾಲುದಾರಿಯಲ್ಲಿ ನಡೆಯಲು): 24 ತಾಸು
100 ಲ್ಯೂಮೆನ್ (ಸ್ಟಾರ್ಟರ್ ಪೆಟ್ಟಿಗೆ, ಪೈಪಿನ ಜೋಡಣೆ ನೋಡಲು): ಸುಮಾರು 7 ತಾಸು
500 ಲ್ಯೂಮೆನ್ (ದೂರ ನೋಡಲು, ಹಂದಿ ಬಂದಾಗ): ಸುಮಾರು ಒಂದೂವರೆ ತಾಸು

ರಾತ್ರಿಯಿಡೀ 500 ಲ್ಯೂಮೆನ್‌ನಲ್ಲಿ ನಡೆಯುವ ರೈತನಿಗೆ ನಡುರಾತ್ರಿಯೊಳಗೇ ಟಾರ್ಚು ಕೈಕೊಡುತ್ತದೆ. ಅದೇ ಸೆಲ್ಲಿನಿಂದ 30 ಲ್ಯೂಮೆನ್‌ನಲ್ಲಿ ನಡೆದು, ಬೇಕಾದಾಗ ಮಾತ್ರ ಹೆಚ್ಚು ಬೆಳಕು ಬಳಸುವವನಿಗೆ ಎರಡು ಮೂರು ರಾತ್ರಿಯ ಪಾಳಿ ಸಾಗುತ್ತದೆ.

ಹಾವಿನ ಭಯ ಮತ್ತು ಬೆಳಕು

ಟಾರ್ಚಿನ ವಿಷಯವನ್ನು ಇಷ್ಟು ವಿವರವಾಗಿ ಹೇಳಲು ಮುಖ್ಯ ಕಾರಣ ಹಾವಿನ ಕಡಿತ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ. ಇವರಲ್ಲಿ ಹೆಚ್ಚಿನವರು ಹಳ್ಳಿಗರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಒಣ ಭೂಮಿಯ ಗರಗಸ ಮಂಡಲ ಸಣ್ಣ ಹಾವು, ಮಣ್ಣಿನ ಬಣ್ಣದ್ದು. ಕೊಳಕುಮಂಡಲ ಒಣ ರವದಿಯ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ಇವುಗಳನ್ನು ಕಾಣಲು ದೂರದ ಕೋಲ್ಮಿಂಚಿನಂಥ ಬೆಳಕಿಗಿಂತ ಕಾಲಿನ ಮುಂದಿನ ನಾಲ್ಕಾರು ಹೆಜ್ಜೆಯಲ್ಲಿ ಅಗಲವಾಗಿ, ಒಂದೇ ಸಮನೆ ಬೀಳುವ ಬೆಳಕು ಬೇಕು. ನಡೆಯುವಾಗ ಬೆಳಕನ್ನು ಅತಿ ಮಂದ ಮಾಡುವುದೂ ತಪ್ಪು. ಬಣ್ಣಗಳನ್ನು ಸರಿಯಾಗಿ ತೋರಿಸುವ, ಸ್ವಲ್ಪ ಹಳದಿ ಛಾಯೆಯ ಬಿಳಿ ಬೆಳಕಿನಲ್ಲಿ ಹಾವು ಮತ್ತು ಕಸದ ಭೇದ ಚೆನ್ನಾಗಿ ತಿಳಿಯುತ್ತದೆ. ಅತಿ ನೀಲಿ ಛಾಯೆಯ ಬೆಳಕು ಹುಳುಗಳನ್ನೂ ಹೆಚ್ಚು ಸೆಳೆಯುತ್ತದೆ.

ಟಾರ್ಚು ಇದ್ದರೂ ಮೊಣಕಾಲವರೆಗಿನ ಬೂಟು ಮತ್ತು ಕೈಯಲ್ಲಿ ಕೋಲು ಬಿಡಬಾರದು. ಮೊಬೈಲಿನ ಬೆಳಕನ್ನೇ ನಂಬಿ ಹೋಗುವುದು ಜಾಣತನವಲ್ಲ. ಅಪಾಯ ಬಂದಾಗ 108ಕ್ಕೆ ಕರೆ ಮಾಡಲು ಮೊಬೈಲಿನಲ್ಲಿ ಚಾರ್ಜು ಉಳಿದಿರಬೇಕು. ಹಾವು ಕಡಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಬೇಡ. ಕಡಿತಕ್ಕೊಳಗಾದ ಅಂಗವನ್ನು ಅಲುಗಾಡಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬೆಳೆ ನೋಡಲಿಕ್ಕೂ ಟಾರ್ಚು

ಕೆಲವು ಕೀಟಗಳು ಹಗಲು ಅಡಗಿ ರಾತ್ರಿ ಮೇಯುತ್ತವೆ. ಕತ್ತರಿ ಹುಳುಗಳು ಹಗಲು ಮಣ್ಣಿನಲ್ಲಿದ್ದು ರಾತ್ರಿ ಸಸಿಯ ಬುಡ ಕತ್ತರಿಸುತ್ತವೆ. ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳುವಿನ ಪ್ರೌಢ ದುಂಬಿಗಳು ಮುಂಗಾರಿನ ಮೊದಲ ಮಳೆಯ ನಂತರ ಸಂಜೆ ಮಣ್ಣಿನಿಂದ ಎದ್ದು ಬೇವು, ಜಾಲಿ ಮರಗಳಲ್ಲಿ ಕೂಡುತ್ತವೆ. ನೀರಿನ ಪಾಳಿಗೆ ಹೋದಾಗ ಹತ್ತು ನಿಮಿಷ ಗಿಡಗಳ ಬುಡ ಮತ್ತು ಬದುವಿನ ಮರಗಳನ್ನು ನೋಡಿದರೆ ಕೀಟದ ಸುಳಿವು ಬೇಗ ಸಿಗುತ್ತದೆ. ಮರ ಅಲುಗಾಡಿಸಿ ಬಿದ್ದ ದುಂಬಿಗಳನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ ನಾಶ ಮಾಡಬಹುದು.

ಕೊಳ್ಳುವಾಗ ಏನು ನೋಡಬೇಕು?

ಮೇಲೆ ಹೇಳಿದ ಅಮೆರಿಕದ ಟಾರ್ಚುಗಳು ನಮ್ಮ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಬೆಲೆಯೂ ಹೆಚ್ಚು. ಅವನ್ನೇ ತರಿಸಬೇಕೆಂದಿಲ್ಲ. ಅವುಗಳ ಗುಣ ಇರುವ ಸಾಧಾರಣ ಟಾರ್ಚನ್ನು ಆರಿಸಿದರೆ ಸಾಕು. ವಿಜಯಪುರದಲ್ಲಿಯೋ ಸೊಲ್ಲಾಪುರದಲ್ಲಿಯೋ ಅಂಗಡಿಗೆ ಹೋದಾಗ ಈ ಅಂಶಗಳನ್ನು ಪರೀಕ್ಷಿಸಿರಿ.

1. ಕನಿಷ್ಠ ಮೂರು ಮಟ್ಟದ ಬೆಳಕು ಇರಲಿ. ಆರಿಸಿ ಮತ್ತೆ ಹಚ್ಚಿದಾಗ ಹಿಂದಿನ ಮಟ್ಟವನ್ನೇ ನೆನಪಿಟ್ಟು ಕೊಡುವಂಥದ್ದು ಉತ್ತಮ.

2. ಸೆಲ್ಲು ತೆಗೆದು ಬದಲಿಸುವಂತಿರಲಿ. ಒಳಗೇ ಮುಚ್ಚಿದ ಸೆಲ್ಲು ಸತ್ತರೆ ಒಳ್ಳೆಯ ಟಾರ್ಚೂ ಕಸವಾಗುತ್ತದೆ.

3. ಸೆಲ್ಲು ಇಳಿಯುವವರೆಗೆ ಬೆಳಕು ಒಂದೇ ಸಮನೆ ಇರಲಿ. ಕೊನೆಗೆ ಫಕ್ಕನೆ ಆರದೆ ಮಟ್ಟ ಇಳಿಸಿ ಮುನ್ಸೂಚನೆ ಕೊಡಬೇಕು. ನಡುಹೊಲದಲ್ಲಿ ಇರುವವನಿಗೆ ಮನೆಗೆ ಮರಳಲು ಆ ಸ್ವಲ್ಪ ಬೆಳಕೇ ಆಧಾರ.

4. 18650 ಸೆಲ್ಲಿನ ಮೇಲೆ '9900 ಎಂಎಎಚ್' ಎಂದು ಬರೆದಿದ್ದರೆ ನಂಬಬೇಡಿ. ಈ ಅಳತೆಯ ಸಾಮಾನ್ಯ ಒಳ್ಳೆಯ ಸೆಲ್ಲುಗಳಲ್ಲಿ ಹಿಡಿಯುವುದು ಸುಮಾರು 3500ರವರೆಗೆ ಮಾತ್ರ.

5. ಸೀಸ-ಆಮ್ಲದ ಸೆಲ್ಲಿರುವ ಅಗ್ಗದ ರೀಚಾರ್ಜ್ ಟಾರ್ಚು ಕೊಂಡರೆ ಅದನ್ನು ಪೂರ್ತಿ ಇಳಿಸಿ ಹಾಗೆಯೇ ಇಡಬಾರದು. ಬಳಸಿದ ದಿನವೇ ಚಾರ್ಜು ಮಾಡಬೇಕು.

ಹಳೆಯ ಟಾರ್ಚಿನ ಆರೈಕೆ

ಒಳ್ಳೆಯ ಎಲ್‌ಇಡಿ ಸಾವಿರಾರು ತಾಸು ಬೆಳಗುತ್ತದೆ. ಹಳೆಯ ಟಾರ್ಚು ಕೆಟ್ಟಿತೆಂದರೆ ಬಹುತೇಕ ದೋಷ ಗುಂಡಿಯಲ್ಲಿ, ಸೆಲ್ಲಿನ ಸಂಪರ್ಕದಲ್ಲಿ ಅಥವಾ ಕಿಲುಬಿನಲ್ಲಿ ಇರುತ್ತದೆ. ಎಸೆಯುವ ಮೊದಲು ಇವನ್ನು ಪರೀಕ್ಷಿಸಬೇಕು.

ತಿರುಪಿನ ಹಲ್ಲುಗಳನ್ನು, ಸೆಲ್ಲು ತಾಗುವ ಸ್ಪ್ರಿಂಗನ್ನು ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಒರೆಸಿರಿ. ನೀರು ಒಳಸೇರದಂತೆ ಇರುವ ರಬ್ಬರ್ ಉಂಗುರಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸು ಹಚ್ಚಿರಿ. ಡೀಸೆಲ್ ಅಥವಾ ಎಂಜಿನ್ ಎಣ್ಣೆ ಹಚ್ಚಬಾರದು, ರಬ್ಬರು ಕೆಡುತ್ತದೆ. ಆಲ್ಕಲೈನ್ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದಕ್ಕೆ ನಮ್ಮ ಇಂಡಿಯ ಲಿಂಬೆಯೇ ಮದ್ದು. ಈ ಪುಡಿ ಕ್ಷಾರ. ಲಿಂಬೆಯ ಹುಳಿ ಅದನ್ನು ಶಮನ ಮಾಡುತ್ತದೆ. ಸೆಲ್ಲು ತೆಗೆದು, ಬರಿಗೈ ತಾಗಿಸದೆ, ಕಡ್ಡಿಗೆ ಸುತ್ತಿದ ಅರಳೆಯನ್ನು ಲಿಂಬೆ ರಸದಲ್ಲಿ ಅದ್ದಿ ಒರೆಸಿ, ಅನಂತರ ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಬೇಕು.

ಬಳಸದೆ ಬಹುದಿನ ಇಡುವುದಾದರೆ ಸೆಲ್ಲು ಹೊರತೆಗೆದಿಡಿ. ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಬೆರೆಸಬೇಡಿ. 3 ವೋಲ್ಟಿನ ಲಿಥಿಯಂ ಸೆಲ್ಲನ್ನು ಎಂದಿಗೂ ಚಾರ್ಜು ಮಾಡಬಾರದು. ಅದು ಒಂದೇ ಬಳಕೆಯದು. 3 ವೋಲ್ಟಿಗೆ ಮಾತ್ರ ಮಾಡಿದ ಹಳೆಯ ಟಾರ್ಚಿಗೆ ಪೂರ್ತಿ ಚಾರ್ಜಾದಾಗ 4.2 ವೋಲ್ಟು ಕೊಡುವ ರೀಚಾರ್ಜ್ ಸೆಲ್ಲು ಹಾಕಿದರೆ ಒಳಗಿನ ಚಿಪ್ಪು ಸುಡಬಹುದು. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಟಾರ್ಚನ್ನು ತಗಡಿನ ಕೆಳಗೆ, ಟ್ರ್ಯಾಕ್ಟರ್ ಮೇಲೆ ಬಿಡದೆ ನೆರಳಿನಲ್ಲಿ ಇಡಬೇಕು.

ಮನೆಯವರಿಗೂ ತಿಳಿದಿರಲಿ

ಹೊಂದಾಣಿಕೆಯ ಟಾರ್ಚಿಗೆ ಒಂದು ಕೊರತೆಯಿದೆ. ಹೊಂದಿಸುವ ಕ್ರಮ ತೊಡಕಿನದು. ಎಷ್ಟು ಸಲ ಒತ್ತಬೇಕೆಂಬುದು ಮರೆತುಹೋಗುತ್ತದೆ. ಆದ್ದರಿಂದ ಒಮ್ಮೆ ಹೊಂದಿಸಿದ ಮೇಲೆ ಮೇಲಿಂದ ಮೇಲೆ ಬದಲಿಸಬಾರದು. ಒಂದು ಒತ್ತಿಗೆ ನಡೆಯುವ ಬೆಳಕು, ಎರಡು ಒತ್ತಿಗೆ ಹೆಚ್ಚಿನ ಬೆಳಕು ಎಂದು ಮನೆಯ ಹೆಂಗಸರಿಗೂ, ಹಿರಿಯರಿಗೂ, ಆಳುಗಳಿಗೂ ತೋರಿಸಿಕೊಡಬೇಕು. ಟಾರ್ಚನ್ನು ಬಾಗಿಲ ಬಳಿ ಒಂದೇ ಗೂಟಕ್ಕೆ ತೂಗುಹಾಕುವ ರೂಢಿ ಮಾಡಿಕೊಂಡರೆ ಕತ್ತಲೆಯಲ್ಲಿ ಹುಡುಕುವ ಕೆಲಸ ತಪ್ಪುತ್ತದೆ.

ವಿಸ್ತರಣಾ ಕಾರ್ಯಕರ್ತರು ನೀರಾವರಿ ಹಂಗಾಮಿನ ಸಭೆಗಳಲ್ಲಿ ಈ ವಿಷಯಕ್ಕೆ ಐದು ನಿಮಿಷ ಕೊಟ್ಟು, ರೈತರು ತಂದ ಟಾರ್ಚುಗಳನ್ನೇ ಹಚ್ಚಿಸಿ ನೋಡಿ ಸಲಹೆ ಕೊಡುವುದು ಉಪಯುಕ್ತ. ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿರುವ ಹಳೆಯ ಟಾರ್ಚನ್ನು ತೆಗೆದು ಒರೆಸಿ, ಒಳ್ಳೆಯ ಸೆಲ್ಲು ಹಾಕಿ, ಮುಂದಿನ ರಾತ್ರಿ ಪಾಳಿಯಲ್ಲಿ ಕಾಲಿನ ಮುಂದಿನ ನೆಲ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ರೈತ ಬಾಂಧವರು ತಾವೇ ಪರೀಕ್ಷಿಸಿ ನೋಡಲಿ.