ಹಳೆಯ ಬೀಡಿನಲ್ಲಿ ಒಂದಿರುಳು

ಊರ ಹೆಸರಿನಲ್ಲಿ ಊರ ಚರಿತ್ರೆ ಅಡಗಿರುವುದುಂಟು. ಅರಸಿಯ ಹೆಸರಿನ ಕೆರೆಯಿಂದ ಅರಸೀಕೆರೆಯಾಯಿತು. ಹೊಯ್ಸಳರ ರಾಜಧಾನಿಯಾಗಿ ಮೆರೆದ ದೋರಸಮುದ್ರವು, ಆ ಅರಸೊತ್ತಿಗೆ ಅಳಿದ ಮೇಲೆ, ಹಳೆಯ ಬೀಡೆನಿಸಿ ಹಳೇಬೀಡಾಗಿ ಉಳಿಯಿತು. ಬೀಡು ಎಂಬ ಅಚ್ಚಗನ್ನಡ ಪದಕ್ಕೆ ಅರಸನ ನೆಲೆ ಎಂಬ ಅರ್ಥವೂ ಉಂಟು. ದಾರಿಗನು ಗಂಟನ್ನು ಇಳಿಸಿ ದಣಿವಾರಿಸಿಕೊಳ್ಳುವ ಬಿಡಾರ ಎಂಬ ಅರ್ಥವೂ ಉಂಟು. ಹೆಸರಿನಲ್ಲಿಯೇ ತಂಗುವಿಕೆಯನ್ನು ಹೊತ್ತ ಈ ಊರಿನಲ್ಲಿ ಇಂದು ತಂಗುವವರು ಮಾತ್ರ ಕಡಿಮೆ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟು, ಶ್ರವಣಬೆಳಗೊಳ, ಬೇಲೂರು, ಹಳೇಬೀಡುಗಳನ್ನು ಒಂದೇ ಹಗಲಿನಲ್ಲಿ ಸುತ್ತಿ, ಅಪರಾತ್ರಿಗೆ ಮನೆ ಸೇರುವುದು ಬಹುಕಾಲದ ವಾಡಿಕೆ. ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವ ಗೃಹಸ್ಥರು ಈ ವಾಡಿಕೆಯನ್ನು ಬಿಟ್ಟು ಅಲ್ಲಿಯೇ ಒಂದಿರುಳು ಏಕೆ ಉಳಿಯಬೇಕು, ಎಂತಹ ವಸತಿಯಲ್ಲಿ ಉಳಿಯಬೇಕು, ಉಳಿದಾಗ ಅತಿಥಿಯ ಹೊಣೆಯೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಬೆಳಕು ಕಲಿಸುವ ಪಾಠ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು ಪ್ರತಿಷ್ಠಾಪಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಅದೇ ಶತಮಾನದ ಕೃತಿ. ಎರಡಕ್ಕೂ ಬಳಸಿರುವುದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒದಗುವ ಈ ಕಲ್ಲು, ಗಾಳಿ ಬೆಳಕುಗಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಆನೆ, ಸಿಂಹ, ಕುದುರೆ, ಬಳ್ಳಿ, ಪುರಾಣಕಥೆಗಳ ಸಾಲುಗಳನ್ನು ಬೆರಳ ಗಾತ್ರದಲ್ಲಿ ಕಂಡರಿಸಲು ಶಿಲ್ಪಿಗಳಿಗೆ ಸಾಧ್ಯವಾದದ್ದು ಈ ಗುಣದಿಂದ. ಆದರೆ ಇಷ್ಟು ಸಣ್ಣ ಕೆತ್ತನೆಯು ಕಣ್ಣಿಗೆ ಕಾಣಬೇಕಾದರೆ ಬೆಳಕು ಓರೆಯಾಗಿ ಬೀಳಬೇಕು. ನಡುಹಗಲಿನ ಬಿಸಿಲಿನಲ್ಲಿ ನೆರಳುಗಳು ಅಳಿದು ಗೋಡೆಯೆಲ್ಲವೂ ಒಂದೇ ಬಣ್ಣವಾಗಿ ತೋರುತ್ತದೆ. ಹೊಯ್ಸಳೇಶ್ವರನ ಪೂರ್ವದ ಬಾಗಿಲುಗಳಿಗೂ ನಂದಿಮಂಟಪಗಳಿಗೂ ಬೆಳಗಿನ ಬೆಳಕು ಒಪ್ಪುತ್ತದೆ; ಹಿಂಬದಿಯ ಪಶ್ಚಿಮ ಗೋಡೆಯ ಮೂರ್ತಿಗಳಿಗೆ ಜೀವ ಬರುವುದು ಇಳಿಹೊತ್ತಿನಲ್ಲಿ. ಒಂದು ಸಂಜೆ, ಮರುದಿನದ ಒಂದು ಬೆಳಗು, ಇವೆರಡೂ ದೊರೆತವನಿಗೆ ಮಾತ್ರ ಆ ದೇವಾಲಯದ ಎರಡು ಮೊಗಗಳೂ ಕಾಣುತ್ತವೆ.

ಹಿರಿಯರ ದೃಷ್ಟಿಯಿಂದ ಇನ್ನೊಂದು ಮಾತು. ಪಾದರಕ್ಷೆಗಳನ್ನು ಹೊರಗಿಟ್ಟು ನಡೆಯಬೇಕಾದ ಕಲ್ಲುಹಾಸು ನಡುಹಗಲಿನಲ್ಲಿ ಕಾವಲಿಯಂತೆ ಸುಡುತ್ತದೆ. ಅಜ್ಜ ಅಜ್ಜಿಯರು ಒಂದು ಸುತ್ತನ್ನೂ ಪೂರೈಸಲಾರದೆ ನೆರಳು ಹುಡುಕಿ ಕೂರುವುದನ್ನು ಯಾರೂ ಕಾಣಬಹುದು. ಅವರಿಗೆ ಬೇಕಾದುದು ಬೆಳಗಿನ ತಂಪು ಮತ್ತು ಅವಸರವಿಲ್ಲದ ಎರಡು ಗಂಟೆಗಳು.

ಉಳಿದವರಿಗೆ ಇನ್ನೂ ಲಾಭವುಂಟು. ಅವಸರದ ಪ್ರವಾಸಿಗರು ಹಳೇಬೀಡಿನಲ್ಲಿ ಒಂದೇ ದೇವಾಲಯವನ್ನು ಕಂಡು ಮರಳುತ್ತಾರೆ. ಸಮೀಪದಲ್ಲಿಯೇ ಕೇದಾರೇಶ್ವರ ದೇವಾಲಯವಿದೆ. ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಬಸದಿಗಳಿವೆ. ಊರಿಗೆ ಹೆಸರು ಕೊಟ್ಟ ದೋರಸಮುದ್ರದ ಕೆರೆಯ ಏರಿಯಿದೆ. ಕವಿ ಹರಿಹರನು ಈ ರಾಜಧಾನಿಯಲ್ಲಿಯೇ ಕರಣಿಕನಾಗಿದ್ದನೆಂದೂ, ಬೇಲೂರಿನ ಕೆರೆಯನ್ನು ಕಟ್ಟಿಸಿ ಕೆರೆಯ ಪದ್ಮರಸನೆಂಬ ಹೆಸರು ಪಡೆದವನು ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದನೆಂದೂ ವೀರಶೈವ ಸಾಹಿತ್ಯಪರಂಪರೆ ಹೇಳುತ್ತ ಬಂದಿದೆ. ಈ ಮಾತುಗಳನ್ನು ಮಕ್ಕಳಿಗೆ ಹೇಳಲು ಸಂಜೆಯ ಕೆರೆಯ ಏರಿಗಿಂತ ಒಳ್ಳೆಯ ಶಾಲೆ ಬೇಕೇ?

ಹೋಟೆಲೆಂದರೇನು?

ನಮ್ಮ ಕಡೆ ಹೋಟೆಲು ಎಂದೊಡನೆ ನೆನಪಿಗೆ ಬರುವುದು ದೋಸೆ, ಇಡ್ಲಿ, ಕಾಫಿ. ಮಲಗುವ ತಾಣಕ್ಕೆ ಛತ್ರ, ಪ್ರವಾಸಿಮಂದಿರ, ಲಾಡ್ಜು ಎಂಬ ಬೇರೆ ಬೇರೆ ಹೆಸರುಗಳು ಇದ್ದವು. ತೋಟದ ನಡುವೆ ಕೋಣೆಗಳನ್ನು ಕಟ್ಟಿ, ಹೂಗಿಡ ಹುಲ್ಲುಹಾಸುಗಳನ್ನು ಬೆಳೆಸಿ, ಬಂದವರನ್ನು ಇರಿಸಿಕೊಳ್ಳುವ ಉದ್ಯಾನಗೃಹಗಳು ಈಚಿನ ಕಾಲದವು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಬೇಲೂರಿನಲ್ಲಿ ಮಯೂರ ವೇಲಾಪುರಿಯನ್ನೂ, ಹಳೇಬೀಡಿನ ದೇವಾಲಯದ ಎದುರು ತೋಟದ ನಡುವೆ ಮಯೂರ ಶಾಂತಲಾ ಎಂಬ ವಸತಿಯನ್ನೂ ನಿರ್ಮಿಸಿತು. ಹಾಸನ, ಚಿಕ್ಕಮಗಳೂರುಗಳ ಕಡೆಗೆ ಇದಕ್ಕಿಂತ ವೈಭವದ, ಈಜುಕೊಳ ಸಹಿತವಾದ ರೆಸಾರ್ಟುಗಳು ಎದ್ದಿವೆ. ಯಾವುದಕ್ಕೆ ಹೋಗುವುದಾದರೂ ಮುಂಚಿತವಾಗಿ ವಿಚಾರಿಸಿ ಕೋಣೆ ಗೊತ್ತುಮಾಡಿಕೊಳ್ಳುವುದು ಕ್ಷೇಮ.

ದುಡಿದು ಗಳಿಸಿದ ಹಣದಲ್ಲಿ ಇಂತಹ ಸುಖವನ್ನು ಅನುಭವಿಸುವುದು ತಪ್ಪೇ ಎಂದು ಭಕ್ತರು ಕೇಳುವುದುಂಟು. ಶರಣರು ಮೈಯನ್ನು ದಂಡಿಸಿಕೊಳ್ಳುವುದನ್ನು ಧರ್ಮವೆಂದು ಬೋಧಿಸಲಿಲ್ಲ. ಸತ್ಯಶುದ್ಧವಾದ ಕಾಯಕದ ಹಣದಿಂದ ತಾಯಿತಂದೆಗಳಿಗೆ ಒಂದು ರಾತ್ರಿ ಮೆತ್ತನೆಯ ಹಾಸಿಗೆ, ಬೆಳಗ್ಗೆ ಹಕ್ಕಿಯ ದನಿ, ಹೂದೋಟದ ನಡಿಗೆ ದೊರೆತರೆ ಅದರಲ್ಲಿ ಕುಂದೇನೂ ಇಲ್ಲ. ಪರೀಕ್ಷಿಸಬೇಕಾದ ಪ್ರಶ್ನೆಗಳು ಬೇರೆ ಇವೆ: ಆ ಬಾಗಿಲು ಯಾರು ಯಾರಿಗೆ ತೆರೆದಿದೆ? ಆ ತೋಟವು ಯಾರ ನೀರನ್ನು ಕುಡಿಯುತ್ತಿದೆ?

ನೈರೋಬಿಯಿಂದ ಬಳ್ಳಿಗಾವೆಯವರೆಗೆ

ಮೊದಲನೆಯ ಪ್ರಶ್ನೆಗೆ ದೂರದ ಆಫ್ರಿಕಾದಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಕೀನ್ಯಾ ದೇಶದ ರಾಜಧಾನಿ ನೈರೋಬಿಯು ಅರಸೀಕೆರೆಯಂತೆಯೇ ನೀರಿನಿಂದ ಹೆಸರು ಪಡೆದ ಊರು. ಮಸಾಯಿ ಜನರ ನುಡಿಯಲ್ಲಿ ಅದು ತಣ್ಣೀರಿನ ತಾಣವೆಂಬ ಅರ್ಥದ ಮಾತು. ಅರಸೀಕೆರೆಯು ರೈಲುಮಾರ್ಗಗಳು ಕೂಡುವ ಜಂಕ್ಷನ್ ಆಗಿ ಬೆಳೆದಂತೆ, ಆ ಊರೂ ರೈಲಿನಿಂದಲೇ ಬೆಳೆಯಿತು. 1896ರಲ್ಲಿ ಆರಂಭವಾದ ಉಗಾಂಡಾ ರೈಲುಮಾರ್ಗಕ್ಕಾಗಿ ಸಾವಿರಾರು ಭಾರತೀಯರು ಅಲ್ಲಿಗೆ ಹೋಗಿ ದುಡಿದರು. 1899ರಲ್ಲಿ ಕಂಬಿ ನೈರೋಬಿಯನ್ನು ಮುಟ್ಟಿತು. 1904ರಲ್ಲಿ ಅಲ್ಲಿ ನಾರ್ಫೋಕ್ ಎಂಬ ಹೋಟೆಲು ತೆರೆಯಿತು. ಅಂಗಳದ ತೋಟಕ್ಕೆ ಹೆಸರಾದ ಆ ವಸತಿಗೆ ಇಂಗ್ಲೆಂಡಿನ ಸಿರಿವಂತರು ಬಂದಿಳಿಯುತ್ತಿದ್ದರು; ಆ ಕಾರಣ ಜನ ಅದನ್ನು ಹೌಸ್ ಆಫ್ ಲಾರ್ಡ್ಸ್ ಎಂದೇ ಹಾಸ್ಯವಾಗಿ ಕರೆದರು. ಕಂಬಿ ಹಾಸಿದ ಭಾರತೀಯನಿಗಾಗಲಿ, ಆ ನೆಲದ ಒಡೆಯನಾದ ಆಫ್ರಿಕದವನಿಗಾಗಲಿ ಬಿಳಿಯರ ಆಳ್ವಿಕೆಯ ವರ್ಣಭೇದದಲ್ಲಿ ಸಮಾನ ಅತಿಥಿಯ ಸ್ಥಾನ ಇರಲಿಲ್ಲ. 1963ರಲ್ಲಿ ಕೀನ್ಯಾ ಸ್ವತಂತ್ರವಾಯಿತು. ಇಂದು ನೈರೋಬಿಯ ದೊಡ್ಡ ಹೋಟೆಲುಗಳಲ್ಲಿ ಹಣ ತೆತ್ತ ಯಾರೂ ಉಳಿಯಬಹುದು.

ಇದನ್ನು ಓದಿ ಪರದೇಶದವರನ್ನಷ್ಟೇ ದೂರುವುದು ತರವಲ್ಲ. ನಮ್ಮ ನಾಡಿನ ಎಷ್ಟೋ ಛತ್ರಗಳಲ್ಲಿ ಪಂಕ್ತಿಭೇದವಿತ್ತು. ಜಾತಿ ಕೇಳಿ ಜಗಲಿ ತೋರಿಸುವ ಪದ್ಧತಿಯಿತ್ತು. ಆದರೆ ಅದೇ ನಾಡಿನಲ್ಲಿ ಇನ್ನೊಂದು ಮಾದರಿಯೂ ಇದ್ದಿತೆಂಬುದನ್ನು ಶಾಸನವೇ ಸಾರುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ 1162ರ ಶಾಸನವೊಂದು ಅಲ್ಲಿನ ಕೋಡಿಯ ಮಠವನ್ನು ವರ್ಣಿಸುತ್ತದೆ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಇವರೆಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಚಿಕಿತ್ಸೆಯಿತ್ತು, ಸಕಲ ಪ್ರಾಣಿಗಳಿಗೆ ಅಭಯವಿತ್ತು, ಹಲವು ದರ್ಶನಗಳ ವ್ಯಾಸಂಗವಿತ್ತು. ಹಳೇಬೀಡಿನ ಶಿಲ್ಪಿಗಳು ಉಳಿ ಹಿಡಿದಿದ್ದ ಶತಮಾನದ ಮಾತಿದು.

ನಾವು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ದಾರಿಗರು ಬಂದರೆ ಕಾಲಿಗೆ ನೀರು ಕೊಟ್ಟು ಚಾಪೆ ಹಾಸುವುದು ವಿದ್ಯಾರ್ಥಿಗಳ ಪಾಲಿನ ಕೆಲಸ. ಹೆಸರು, ಊರು ಕೇಳುವುದಕ್ಕೆ ಮೊದಲು "ಪ್ರಸಾದವಾಯಿತೇ?" ಎಂದು ಕೇಳಬೇಕೆಂಬುದು ಗುರುಗಳ ಅಪ್ಪಣೆ. ಅಂದಿನ ಚಾಪೆಗೂ ಇಂದಿನ ಉದ್ಯಾನಗೃಹದ ಹಾಸಿಗೆಗೂ ಅಜಗಜಾಂತರ. ಹೋಟೆಲು ವ್ಯಾಪಾರ, ಮಠದ್ದು ದಾಸೋಹ. ವ್ಯಾಪಾರವು ದಾಸೋಹವಾಗಬೇಕೆಂದು ನಿರೀಕ್ಷಿಸಲಾಗದು. ಆದರೂ ಬಂದವನ ಉಡುಪು, ನುಡಿ, ಜಾತಿಗಳನ್ನು ಅಳೆಯದೆ ಮರ್ಯಾದೆಯಿಂದ ಒಳಗೆ ಕರೆಯುವ ಗುಣವನ್ನು ವ್ಯಾಪಾರಿಯೂ ಮಠದಿಂದ ಕಲಿಯಬಹುದು. ಅಂತಹ ತಾಣವನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ತೋಟ ಕುಡಿಯುವ ನೀರು

ಎರಡನೆಯ ಪ್ರಶ್ನೆ ನೀರಿನದು. ಬೇಲೂರು ಮಲೆನಾಡಿನ ಅಂಚು. ಯಗಚಿ ನದಿ ಅದರ ಪಕ್ಕದಲ್ಲಿ ಹರಿದು ಹೇಮಾವತಿಯನ್ನು ಸೇರುತ್ತದೆ. ಅಲ್ಲಿಂದ ಮೂಡಣಕ್ಕೆ ಸಾಗಿದಂತೆ ಮಳೆ ಇಳಿಮುಖವಾಗಿ, ಅರಸೀಕೆರೆಯ ಬಯಲನ್ನು ತಲಪುವಷ್ಟರಲ್ಲಿ ತೆಂಗಿನ ತೋಟಗಳೂ ಬಾಯಾರಿದ ಕೆರೆಗಳೂ ಎದುರಾಗುತ್ತವೆ. ಒಂದೇ ಜಿಲ್ಲೆಯೊಳಗೆ ಈ ಎರಡು ಲೋಕಗಳಿವೆ. ಮಳೆ ಕೈಕೊಟ್ಟ ವರ್ಷ ತೆಂಗಿನ ಸುಳಿ ಒಣಗುವುದನ್ನು ಕಂಡ ರೈತನಿಗೆ, ಪ್ರವಾಸಿಗರ ಕಣ್ಣಿಗೆಂದು ಹಸಿರಾಗಿ ಇರಿಸಿದ ಹುಲ್ಲುಹಾಸು ಹೇಗೆ ತೋರೀತು?

ಹೊಯ್ಸಳರು ರಾಜಧಾನಿ ಕಟ್ಟಿದುದು ಕೆರೆಯ ದಂಡೆಯಲ್ಲಿ. ಕೆರೆ ಕಟ್ಟಿಸುವುದು ದೇಗುಲ ಕಟ್ಟಿಸಿದಷ್ಟೇ ಪುಣ್ಯವೆಂದು ಅಂದಿನವರು ನಂಬಿದ್ದರು. ನೀರು ಮೊದಲು, ಬೀಡು ಆಮೇಲೆ ಎಂಬ ಆ ಕ್ರಮವನ್ನು ಇಂದಿನ ಉದ್ಯಾನಗೃಹಗಳೂ ಪಾಲಿಸಬೇಕು. ಮಳೆನೀರನ್ನು ಹಿಡಿದಿಡುವ, ಸ್ನಾನದ ನೀರನ್ನು ಶುದ್ಧಿಗೊಳಿಸಿ ಗಿಡಕ್ಕೆ ಹರಿಸುವ, ಹುಲ್ಲಿನ ಬದಲು ಹೊಂಗೆ, ಸಂಪಿಗೆ, ಮಾವುಗಳಂತಹ ನಮ್ಮ ಮಣ್ಣಿನ ಮರಗಳನ್ನು ಬೆಳೆಸುವ ವಸತಿಯು ನಿಜವಾದ ಉದ್ಯಾನ. ಕೋಣೆ ಗೊತ್ತುಮಾಡುವಾಗ ಬಾಡಿಗೆಯನ್ನು ಕೇಳುವಂತೆ ಇದನ್ನೂ ಕೇಳುವ ಗೃಹಿಣಿಯರು ಹತ್ತು ಮಂದಿ ಹುಟ್ಟಿಕೊಂಡರೆ ಮಾಲೀಕರು ತಾವಾಗಿಯೇ ಎಚ್ಚರಗೊಳ್ಳುವರು.

ಅತಿಥಿಯ ಹೊಣೆ

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಹೆಸರು ಬೆಳೆದಂತೆ ಬರುವವರೂ ಹೆಚ್ಚುವುದು ಸಹಜ. ಬಂದವರು ಒಂದು ಗಂಟೆ ನಿಂತು ಹೊರಟುಹೋದರೆ ಊರಿಗೆ ಉಳಿಯುವುದು ವಾಹನಗಳ ಧೂಳು ಮತ್ತು ಬಿಸಾಡಿದ ಬಾಟಲಿಗಳು. ಅವರೇ ಒಂದಿರುಳು ತಂಗಿದರೆ ಕೋಣೆ ಗುಡಿಸುವವರಿಗೆ, ರೊಟ್ಟಿ ತಟ್ಟುವವರಿಗೆ, ಆಟೋ ಓಡಿಸುವವರಿಗೆ, ಎಳನೀರು ಮಾರುವವರಿಗೆ, ಶಿಲ್ಪದ ಕಥೆ ಹೇಳುವ ಮಾರ್ಗದರ್ಶಿಗೆ ಅನ್ನ ದೊರೆಯುತ್ತದೆ. ಅದೂ ಕಾಯಕದ ಅನ್ನ.

ಆ ಕಾಯಕಜೀವಿಗಳನ್ನು ಏಕವಚನದಲ್ಲಿ ಕೂಗದೆ "ಅಮ್ಮಾ", "ಅಣ್ಣಾ" ಎಂದು ಕರೆಯುವುದನ್ನು ಮಕ್ಕಳು ತಂದೆತಾಯಿಗಳಿಂದ ಅಲ್ಲಿಯೇ ಕಲಿಯಲಿ. ಬಕೆಟ್ಟು ತುಂಬಿ ಹರಿಯುವ ಮೊದಲೇ ನಲ್ಲಿಯನ್ನು ನಿಲ್ಲಿಸುವುದು, ತಟ್ಟೆಯಲ್ಲಿ ಅನ್ನ ಬಿಡದಿರುವುದು, ಕೆತ್ತನೆಯನ್ನು ಕೈಯಿಂದ ಮುಟ್ಟಿ ಸವೆಸದಿರುವುದು, ಇವೆಲ್ಲ ಮನೆಯ ಸಂಸ್ಕಾರವನ್ನು ಪರಸ್ಥಳದಲ್ಲಿ ತೋರಿಸುವ ಬಗೆಗಳು. ಪ್ರಸಾದವನ್ನು ಚೆಲ್ಲಬಾರದೆಂದು ಕಲಿತ ಮನೆತನಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೊರಡುವ ಕುಟುಂಬಗಳಿಗೆ ಒಂದು ಸೂಚನೆ. ರೈಲಿನಲ್ಲಿ ಅರಸೀಕೆರೆಯಲ್ಲಿಳಿದು, ಮೊದಲು ಊರಿನ ಈಶ್ವರ ದೇವಾಲಯವನ್ನು ನೋಡಿರಿ. 1220ರ ಸುಮಾರಿನ ಆ ಗುಡಿಯ ನಕ್ಷತ್ರಾಕಾರದ ಮುಖಮಂಟಪದಂತಹುದು ಬೇರೆಡೆ ಅಪೂರ್ವ. ಬಾಣಾವರ, ಜಾವಗಲ್ಲುಗಳ ದಾರಿಯಾಗಿ ಹಳೇಬೀಡಿಗೆ ಹೋದರೆ ಇಳಿಹೊತ್ತಿನ ಬೆಳಕಿಗೆ ಸರಿಯಾಗಿ ಸೇರಬಹುದು. ಅಲ್ಲಿ ತಂಗಿ, ಬೆಳಗ್ಗೆ ಮತ್ತೊಮ್ಮೆ ದೇವಾಲಯವನ್ನೂ ಬಸದಿಗಳನ್ನೂ ಕಂಡು, ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಬಿಸಿಲೇರುವ ಮುನ್ನ ತೆರಳಿರಿ. ಕಾರ್ತಿಕದಿಂದ ಮಾಘದವರೆಗಿನ ತಂಪು ತಿಂಗಳುಗಳು ಹಿರಿಯರಿಗೆ ಹಿತ. ಈ ಬಾರಿಯ ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿ ದಿನವನ್ನು ನಿಶ್ಚಯಿಸಿರಿ. ಅವರ ನಡಿಗೆಯ ವೇಗಕ್ಕೆ ಪ್ರವಾಸದ ವೇಗವನ್ನು ಹೊಂದಿಸಿಕೊಳ್ಳಿರಿ.