ಕಸಿಮಾವಿನಿಂದ ಇನ್ಸುಲಿನ್‌ವರೆಗೆ

ಕ್ಲೋನಿಂಗ್ ಎಂದೊಡನೆ ಅನೇಕರ ಕಣ್ಮುಂದೆ ಬರುವುದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ 5ರಂದು ಜನಿಸಿದ ಡಾಲಿ ಎಂಬ ಕುರಿ. ಆದರೆ ತದ್ರೂಪವನ್ನು ಪಡೆಯುವ ವಿದ್ಯೆ ನಮ್ಮ ಕರಾವಳಿಗೆ ಹೊಸದೇನಲ್ಲ. ತದಡಿಯಿಂದ ಉತ್ತರಕ್ಕೆ ಗಂಗಾವಳಿ ನದಿಯನ್ನು ದಾಟಿದರೆ ಸಿಗುವ ಅಂಕೋಲೆಯ ಸೀಮೆ ಕರಿ ಇಷಾಡ ಮಾವಿಗೆ ಹೆಸರಾದುದು; 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಒಳ್ಳೆಯ ಮಾವಿನ ಮರದ ಕುಡಿಯನ್ನು ತಂದು ಬೇರೊಂದು ಸಸಿಗೆ ಕಸಿ ಕಟ್ಟಿದರೆ, ಆ ಕುಡಿಯಿಂದ ಬೆಳೆದ ಭಾಗವೆಲ್ಲ ತಾಯಿಮರದ ತದ್ರೂಪವೇ. ಕ್ಲೋನ್ ಎಂಬ ಶಬ್ದದ ಮೂಲವಾದ ಗ್ರೀಕ್ ಪದಕ್ಕೂ ಚಿಗುರುರೆಂಬೆ ಎಂದೇ ಅರ್ಥ.

ಪ್ರಾಣಿಗಳಲ್ಲಿ ಈ ಕಾರ್ಯ ಇಷ್ಟು ಸುಲಭವಲ್ಲ. ಡಾಲಿಗಾಗಿ 277 ಅಂಡಗಳ ಮೇಲೆ ಪ್ರಯೋಗ ನಡೆಸಬೇಕಾಯಿತು. ಶ್ವಾಸಕೋಶದ ರೋಗಕ್ಕೆ ತುತ್ತಾದ ಅದು 2003ರಲ್ಲಿ ಅಳಿಯಿತು. ಹರಿಯಾಣದ ಕರ್ನಾಲಿನಲ್ಲಿಯೂ ನಮ್ಮ ವಿಜ್ಞಾನಿಗಳು 2009ರಲ್ಲಿ ಎಮ್ಮೆಯ ತದ್ರೂಪಿ ಕರುವನ್ನು ಪಡೆದರು. ಇವು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದವು, ನಿಜ. ಆದರೆ ಮನುಷ್ಯನ ಪ್ರಾಣ ಉಳಿಸಿದ ಕ್ಲೋನಿಂಗ್ ಇದಲ್ಲ.

ವೈದ್ಯಕೀಯದಲ್ಲಿ ಹೆಚ್ಚಾಗಿ ನಕಲು ಮಾಡುವುದು ಇಡೀ ಪ್ರಾಣಿಯನ್ನಲ್ಲ, ಒಂದು ವಂಶವಾಹಿಯನ್ನು ಮಾತ್ರ. ಮಧುಮೇಹದ ಮದ್ದಾದ ಇನ್ಸುಲಿನ್ನನ್ನೇ ನೋಡಿರಿ. 1922ರಲ್ಲಿ ಟೊರಾಂಟೊ ನಗರದಲ್ಲಿ ಮೊದಲ ರೋಗಿಗೆ ಅದನ್ನು ಚುಚ್ಚಿದಂದಿನಿಂದ ಹಲವು ದಶಕಗಳ ಕಾಲ ಅದನ್ನು ತೆಗೆಯುತ್ತಿದ್ದುದು ಕಸಾಯಿಖಾನೆಯ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಕೆಲವರ ಮೈಗೆ ಅದು ಒಗ್ಗುತ್ತಿರಲಿಲ್ಲ. ಸಸ್ಯಾಹಾರವನ್ನೇ ವ್ರತವಾಗಿ ಪಾಲಿಸುವ ನಮ್ಮಂಥ ಮನೆತನಗಳಿಗೆ ಇದು ನುಂಗಲಾಗದ, ಉಗುಳಲಾಗದ ತುತ್ತು. ದೇಹದಲ್ಲಿ ಇನ್ಸುಲಿನ್ನೇ ಉತ್ಪತ್ತಿಯಾಗದ ಮಗುವಿಗೆ ಚುಚ್ಚುಮದ್ದು ನಿಂತರೆ ಪ್ರಾಣವೇ ಹೋದೀತು. ಅಲ್ಲಿ ಆಯ್ಕೆಯ ಮಾತೆಲ್ಲಿ?

1978ರಲ್ಲಿ ಅಮೆರಿಕದ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ರಚಿಸಿ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಬ್ಯಾಕ್ಟೀರಿಯಾ ವೃದ್ಧಿಸಿದಂತೆ ವಂಶವಾಹಿಯೂ ನಕಲುಗೊಂಡು ಇನ್ಸುಲಿನ್ ತಯಾರಾಗತೊಡಗಿತು. 1982ರಲ್ಲಿ ಆ ಔಷಧಕ್ಕೆ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಬ್ಯಾಕ್ಟೀರಿಯಾದ ಬದಲು ಯೀಸ್ಟನ್ನು ಬಳಸಿ 2004ರಲ್ಲಿ ತನ್ನ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಹಿಟ್ಟನ್ನು ಉಬ್ಬಿಸುವ ಯೀಸ್ಟಿನ ದೂರದ ಬಂಧುವೇ ಇದು. ಕೂಸುಗಳಿಗೆ ಹಾಕಿಸುವ ಹೆಪಟೈಟಿಸ್ ಬಿ ಲಸಿಕೆಯೂ ಯೀಸ್ಟಿನಲ್ಲಿ ತಯಾರಾಗುವಂಥದೇ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಅದನ್ನು ಸ್ವದೇಶದಲ್ಲಿಯೇ ತಯಾರಿಸಿ ಹೊರತಂದಿತು.

ಇಷ್ಟು ಶ್ರಮದಿಂದ ಬಂದ ಔಷಧವು ಕರಾವಳಿಯ ಸೆಕೆಗೆ ಬೇಗನೆ ಶಕ್ತಿಗುಂದುತ್ತದೆ. ಬಳಸದ ಶೀಷೆಗಳನ್ನು ಫ್ರಿಜ್ಜಿನಲ್ಲಿಡಬೇಕು. ಹಿಮಗಟ್ಟುವ ಖಾನೆಯಲ್ಲಿ ಮಾತ್ರ ಇಡಲೇಬಾರದು, ಒಮ್ಮೆ ಹೆಪ್ಪುಗಟ್ಟಿದರೆ ಅದು ನಿರುಪಯೋಗಿ. ಫ್ರಿಜ್ಜಿಲ್ಲದ ಮನೆಯವರು ನೀರು ಜಿನುಗುವ ಮಣ್ಣಿನ ಗಡಿಗೆಯೊಳಗೆ, ಶೀಷೆಗೆ ನೀರು ತಾಗದಂತೆ, ನೆರಳಿನಲ್ಲಿ ಇಟ್ಟುಕೊಳ್ಳಬಹುದು.