ಕಟ್ಟಡಕ್ಕೂ ಒಂದು ಪರೀಕ್ಷೆ

ಕಟ್ಟಡದ ಗುಣವನ್ನು ಚಿತ್ರ ನೋಡಿಯಷ್ಟೇ ಅಳೆಯಲಾಗದು. 1977ರಲ್ಲಿ ಸ್ಥಾಪಿತವಾದ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಕ್ರಮ ಇದಕ್ಕೆ ನಿದರ್ಶನ. ಸ್ಪರ್ಧೆಗೆ ಬರುವ ಕಟ್ಟಡವು ಪೂರ್ಣಗೊಂಡು ಬಳಕೆಯಲ್ಲಿರಬೇಕೆಂಬುದು ನಿಯಮ. ಮೊದಲು ನಕ್ಷೆ, ಛಾಯಾಚಿತ್ರ, ವಿವರಣೆಗಳನ್ನು ಸಲ್ಲಿಸಬೇಕು. ತೀರ್ಪುಗಾರರು ಆಯ್ದ ಕಟ್ಟಡಗಳನ್ನು ತಜ್ಞರು ಸ್ಥಳಕ್ಕೇ ಹೋಗಿ, ಕಣ್ಣಾರೆ ಕಂಡು ವರದಿ ಮಾಡುತ್ತಾರೆ. ಅನಂತರವೇ ಅಂತಿಮ ನಿರ್ಣಯ.

1995ರಲ್ಲಿ ಬಾಲಕೃಷ್ಣ ದೋಶಿಯವರು ರೂಪಿಸಿದ ಇಂದೂರಿನ ‘ಅರಣ್ಯ’ ಬಡಾವಣೆ ಈ ಪುರಸ್ಕಾರ ಪಡೆಯಿತು. ಅಲ್ಲಿ ಬಡವರಿಗೆಂದು ಯೋಜಿಸಿದ್ದು ಪೂರ್ಣ ಮನೆಯಲ್ಲ. ಅಡಿಪಾಯ, ನೀರು, ಶೌಚಗೃಹಗಳುಳ್ಳ ನಿವೇಶನ. ಉಳಿದುದನ್ನು ಅವರವರೇ ಶಕ್ತ್ಯನುಸಾರ ಕಟ್ಟಿಕೊಳ್ಳಬೇಕಿತ್ತು.

ಪ್ರಶಸ್ತಿಯ ಹಣವನ್ನು ವಾಸ್ತುಶಿಲ್ಪಿಯೊಬ್ಬನಿಗೇ ಮೀಸಲಿಡದೆ, ಕಟ್ಟಿಸಿದವರಿಗೂ ಕುಶಲಕರ್ಮಿಗಳಿಗೂ ಹಂಚುವ ಪದ್ಧತಿಯಿದೆ. ಕಟ್ಟಡವೆಂಬುದು ಹಲವರ ದುಡಿಮೆಯ ಫಲವೆಂಬ ಅರಿವೇ ಇದಕ್ಕೆ ಆಧಾರ.